‘ಕಾಡುಗೊಲ್ಲ’ ಪದದ ಅರ್ಥ ಮತ್ತು ಗೌರವಯುತ ಬಳಕೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಗೊಲ್ಲರಹಟ್ಟಿಗಳಲ್ಲಿ ನೆಲೆಸಿರುವ ಪಶುಪಾಲಕ ಸಮುದಾಯವನ್ನು ‘ಕಾಡುಗೊಲ್ಲ’ ಎಂದು ಕರೆಯಲಾಗುತ್ತದೆ. ಈ ಪದದ ಸರಿಯಾದ ಅರ್ಥ ಹಾಗೂ ಬಳಕೆಯ ಕುರಿತು ಸಾರ್ವಜನಿಕರ ಮಾಹಿತಿಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಪದದ ಅರ್ಥ

‘ಗೊಲ್ಲ’ ಎಂದರೆ ದನ, ಕುರಿಗಳನ್ನು ಕಾಯುವವನು. ‘ಕಾಡು’ ಎಂಬುದು ಅಡವಿ, ಕಾವಲುಗಳಲ್ಲಿ ಮಂದೆ ಮೇಯಿಸಿಕೊಂಡು ಬಂದ ಜೀವನಕ್ರಮವನ್ನು ಸೂಚಿಸುತ್ತದೆ. ಇದಕ್ಕೆ ‘ನಾಗರಿಕತೆ ಇಲ್ಲದವರು’ ಎಂಬ ಅರ್ಥ ಕಲ್ಪಿಸುವುದು ತಪ್ಪು. ಶಿರಾ ತಾಲ್ಲೂಕಿನಲ್ಲಿರುವ ಜುಂಜಪ್ಪನ ಗುಡ್ಡೆ ಈ ಸಮುದಾಯದ ಶ್ರದ್ಧಾಕೇಂದ್ರವಾಗಿದೆ. ಗಣೆಯೆಂಬ ಉದ್ದನೆಯ ಕೊಳಲಿನೊಂದಿಗೆ ಹಾಡಲಾಗುವ ಜುಂಜಪ್ಪನ ಕಾವ್ಯವು ಕನ್ನಡ ಜನಪದ ಸಾಹಿತ್ಯದ ಅಮೂಲ್ಯ ಸಂಪತ್ತಾಗಿದೆ.

2. ‘ಗೊಲ್ಲ’ ಎಂದಷ್ಟೇ ಬರೆದರೆ ಸಾಲದೇಕೆ?

ಊರುಗೊಲ್ಲರು ಹಾಗೂ ಕಾಡುಗೊಲ್ಲರು ಆಚಾರ, ದೈವ ಮತ್ತು ವಾಸದ ಕ್ರಮಗಳಲ್ಲಿ ಭಿನ್ನರು. ಊರುಗೊಲ್ಲರಲ್ಲಿ ತೆಲುಗು ಮನೆಮಾತಿನವರು ಹೆಚ್ಚು; ಕಾಡುಗೊಲ್ಲರ ಮನೆಮಾತು ಕನ್ನಡ. ಇಬ್ಬರನ್ನೂ ಒಂದೇ ಹೆಸರಿನಡಿ ದಾಖಲಿಸಿದಲ್ಲಿ ಚಿಕ್ಕ ಸಮುದಾಯದ ಗುರುತು ಕಡತದಲ್ಲಿ ಮರೆಯಾಗುತ್ತದೆ. ಇಂತಹ ಸಂದರ್ಭ ಅನ್ಯ ದೇಶಗಳಲ್ಲಿಯೂ ಉಂಟು. ವಿಯೆಟ್ನಾಮಿನ ಪ್ರಜೆಗಳೆಲ್ಲರೂ ವಿಯೆಟ್ನಾಮೀಯರೇ ಆದರೂ ಅಲ್ಲಿನ ಸರ್ಕಾರವು 54 ಜನಾಂಗಗಳನ್ನು ಪ್ರತ್ಯೇಕ ಹೆಸರುಗಳಿಂದ ಗುರುತಿಸಿದೆ.

ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂಬುದು ಕಾಡುಗೊಲ್ಲರ ದೀರ್ಘಕಾಲದ ಬೇಡಿಕೆ. ಸಂವಿಧಾನದ 342ನೇ ಅನುಚ್ಛೇದದನ್ವಯ ಈ ಪಟ್ಟಿಯನ್ನು ಸಂಸತ್ತು ಮಾತ್ರ ತಿದ್ದಬಹುದಾಗಿದ್ದು, ಪಟ್ಟಿಯಲ್ಲಿರುವ ಹೆಸರಿನ ಪ್ರತಿ ಅಕ್ಷರಕ್ಕೂ ಬೆಲೆಯುಂಟು. ರಾಜ್ಯ ಸರ್ಕಾರವು 2020ರಲ್ಲಿ ಕಾಡುಗೊಲ್ಲ ಅಭಿವೃದ್ಧಿ ನಿಗಮವನ್ನು ಪ್ರಕಟಿಸಿದಾಗಲೂ ಇದೇ ಹೆಸರನ್ನು ಬಳಸಿದೆ.

3. ‘ಹಟ್ಟಿ’ ಪದದ ಬಳಕೆ

‘ಹಟ್ಟಿ’ ಎಂದರೆ ಜನ ಮತ್ತು ಜಾನುವಾರುಗಳ ವಸತಿ. ಅದು ಹೀನಾರ್ಥದ ಪದವಲ್ಲ. ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಮನೆಯ ಜಾಗದ ಹಕ್ಕು ನೀಡುವ ಕರ್ನಾಟಕ ಭೂ ಸುಧಾರಣಾ (ತಿದ್ದುಪಡಿ) ಅಧಿನಿಯಮ, 2016ರಲ್ಲಿ ಗೊಲ್ಲರಹಟ್ಟಿಯ ಹೆಸರೂ ಸೇರಿದೆ.

4. ಹೆಸರು ಬೇರೆ, ಆಚರಣೆ ಬೇರೆ

ಮುಟ್ಟಾದ ಮಹಿಳೆಯರನ್ನು ಹಾಗೂ ಬಾಣಂತಿಯರನ್ನು ಹಟ್ಟಿಯಿಂದ ಹೊರಗಿರಿಸುವ ಪದ್ಧತಿ ಕೆಲವೆಡೆ ಕಂಡುಬಂದಿದೆ. ಮುಟ್ಟಾದ ಅಥವಾ ಗರ್ಭಿಣಿ ಮಹಿಳೆಯರನ್ನು ಬಲವಂತವಾಗಿ ಪ್ರತ್ಯೇಕವಾಗಿರಿಸುವುದನ್ನು 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾನೂನು ಅಪರಾಧವೆಂದು ಪರಿಗಣಿಸುತ್ತದೆ. ಸಮುದಾಯದ ಹೆಸರನ್ನು ಗೌರವಿಸುವುದೆಂದರೆ ಈ ಪದ್ಧತಿಯನ್ನು ಒಪ್ಪುವುದೆಂದಲ್ಲ. ಅಂತೆಯೇ, ಈ ಪದ್ಧತಿಯನ್ನು ಮುಂದಿಟ್ಟುಕೊಂಡು ಹೆಸರನ್ನೇ ಹೀಯಾಳಿಕೆಯ ಮಾತಾಗಿಸುವುದೂ ಸಲ್ಲದು.

5. ಪಾಲಿಸಬೇಕಾದ ಅಂಶಗಳು

ಅ) ‘ಕಾಡುಗೊಲ್ಲ ಸಮುದಾಯದವರು’ ಎಂದು ಬಹುವಚನದಲ್ಲಿ ಸಂಬೋಧಿಸುವುದು.

ಆ) ವ್ಯಕ್ತಿಯನ್ನು ಜಾತಿಯ ಹೆಸರಿನಿಂದ ಕೂಗದೆ, ಅವರ ಸ್ವಂತ ಹೆಸರಿನಿಂದ ಕರೆಯುವುದು.

ಇ) ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವಾಗ ಶಾಲಾ ದಾಖಲೆಯಲ್ಲಿನ ಹೆಸರನ್ನು ಪರಿಶೀಲಿಸಿಕೊಳ್ಳುವುದು, ವ್ಯತ್ಯಾಸವಿದ್ದಲ್ಲಿ ಅದನ್ನು ಮೊದಲೇ ತಹಶೀಲ್ದಾರರ ಗಮನಕ್ಕೆ ತರುವುದು.

ಸಮುದಾಯವೊಂದು ತನ್ನನ್ನು ಯಾವ ಹೆಸರಿನಿಂದ ಗುರುತಿಸಿಕೊಳ್ಳುವುದೋ ಅದೇ ಹೆಸರಿನಿಂದ ಕರೆಯುವುದು ಸೌಜನ್ಯದ ಮೊದಲ ಲಕ್ಷಣವಾಗಿರುತ್ತದೆ.