ಬೆಳಕು ಬಿದ್ದಾಗಲೇ ವಿಷ

ಅರಸೀಕೆರೆ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಗೋಮಾಳ ಒಣಗಿದರೂ ಲಂಟಾನದ ಪೊದೆ ಹಸಿರಾಗಿಯೇ ಇರುತ್ತದೆ. ಮೇವು ಸಿಗುವ ಕಾಲದಲ್ಲಿ ದನಗಳು ಅದರ ಘಾಟಿಗೆ ಮೂತಿ ತಿರುಗಿಸುತ್ತವೆ. ಹಸಿದಾಗ, ಅದರಲ್ಲೂ ಈ ಗಿಡದ ಪರಿಚಯವಿಲ್ಲದೆ ಬೇರೆ ಕಡೆಯಿಂದ ಬಂದ ಹಸುಗಳು, ಬಾಯಿ ಹಾಕಿಬಿಡುತ್ತವೆ. ಕೆಲವೇ ದಿನಗಳಲ್ಲಿ ಹಸು ಮೇವು ಬಿಡುತ್ತದೆ, ಮೂತ್ರ ಕಡುಹಳದಿಗೆ ತಿರುಗುತ್ತದೆ. ಆಮೇಲೆ ಚರ್ಮದ ಸರದಿ. ಕಪ್ಪು-ಬಿಳುಪಿನ ಎಚ್‌ಎಫ್ ಮಿಶ್ರತಳಿ ಹಸುವಾದರೆ ಬಿಳಿ ಪಟ್ಟೆ ಇದ್ದಲ್ಲೆಲ್ಲ ಚರ್ಮ ಕೆಂಪೇರಿ, ಊದಿ, ಬಿರುಕುಬಿಟ್ಟು ಹೊಪ್ಪಳಿಕೆಯಾಗಿ ಎದ್ದು ಬರುತ್ತದೆ. ಅಲ್ಲಿಂದ ಬೆರಳಗಲ ಆಚೆ, ಕಪ್ಪು ಪಟ್ಟೆ ಶುರುವಾದಲ್ಲಿ, ಚರ್ಮಕ್ಕೆ ಏನೂ ಆಗಿರುವುದಿಲ್ಲ.

ತಿಂದದ್ದು ಒಂದೇ ಸೊಪ್ಪು, ಮೈಯಲ್ಲಿ ಹರಿದದ್ದು ಒಂದೇ ರಕ್ತ. ಆದರೆ ಕಪ್ಪು ಚರ್ಮದ ಮೆಲನಿನ್ ಬಿಸಿಲನ್ನು ತಡೆಯಿತು, ಬಿಳಿ ಚರ್ಮಕ್ಕೆ ಆ ರಕ್ಷಣೆ ಇರಲಿಲ್ಲ. ವಿಷ ಮೈತುಂಬ ಇದ್ದರೂ ಚರ್ಮ ಕೆಟ್ಟದ್ದು ಬೆಳಕು ಒಳಹೊಕ್ಕಲ್ಲಿ ಮಾತ್ರ. ಇಂಥ ಗುಣಕ್ಕೆ ದ್ಯುತಿವಿಷತ್ವ ಎನ್ನುತ್ತಾರೆ. ಒಂದು ಔಷಧಿಗೋ ಮುಲಾಮಿಗೋ ಈ ಗುಣ ಇದೆಯೇ ಎಂದು ಮೊದಲೇ ತಿಳಿಯುವುದು ಹೇಗೆ?

ಉತ್ತರಕ್ಕೆ ಮುನ್ನ ಒಂದು ಮಾತು: ದ್ಯುತಿವಿಷತ್ವದ ಜೊತೆ ಕರ್ನಾಟಕಕ್ಕೆ ಒಂದು ಹಳೆಯ ನಂಟಿದೆ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಬಾವಂಚಿ ಬೀಜವನ್ನು ತೊನ್ನಿಗೆ ಹಚ್ಚಿ ಬಿಸಿಲಿಗೆ ಒಡ್ಡುವುದು ಆಯುರ್ವೇದದ ಪ್ರಾಚೀನ ಚಿಕಿತ್ಸೆ. ಆ ಬೀಜದಿಂದ ಸೊರಾಲೆನ್ ಎಂಬ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ 1933ರಲ್ಲಿ ಪ್ರಕಟಿಸಿದವರು ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್. ಮಂಜುನಾಥ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟರಾಗಿದ್ದವರು. ಇಂದು ಜಗತ್ತಿನ ಚರ್ಮರೋಗ ವಿಭಾಗಗಳಲ್ಲಿ ಸೊರಾಲೆನ್ ಗುಂಪಿನ ಔಷಧಿ ಕೊಟ್ಟು ನೇರಳಾತೀತ ಬೆಳಕು ಹಾಯಿಸುವ ಚಿಕಿತ್ಸೆ ಇದೆ. ಆ ಔಷಧಿಗಳ ಮೂಲವಸ್ತುವನ್ನು ಮೊದಲು ಕೈಗೆ ತಂದವರ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಿತ್ತು.

ಕತ್ತಲಲ್ಲಿ ಸೊರಾಲೆನ್ ಡಿಎನ್ಎ ಎಳೆಗಳ ನಡುವೆ ನುಸುಳಿ ಸುಮ್ಮನೆ ಕೂತಿರುತ್ತದೆ. 320ರಿಂದ 400 ನ್ಯಾನೊಮೀಟರಿನ ಯುವಿಎ ಕಿರಣ ಬಿದ್ದೊಡನೆ ಎರಡೂ ಎಳೆಗಳಿಗೆ ಬೆಸೆದುಕೊಳ್ಳುತ್ತದೆ. ಹದವಾಗಿದ್ದರೆ ಚಿಕಿತ್ಸೆ, ಹದ ತಪ್ಪಿದರೆ ಬೊಬ್ಬೆ. ನಾಟಿ ಔಷಧಿ ತಾನೆ ಎಂದು ಬಾವಂಚಿ ಎಣ್ಣೆಯನ್ನು ಕಂಡಕಂಡಲ್ಲಿ ಬಳಿದುಕೊಂಡು ಮಧ್ಯಾಹ್ನದ ಬಿಸಿಲಿಗೆ ಹೋಗಬಾರದು. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಗೂ ಇದೇ ಎಚ್ಚರ ಬೇಕು. ಅದನ್ನು ನುಂಗುತ್ತ ಇಡೀ ದಿನ ಗದ್ದೆಯಲ್ಲಿ ನಿಂತರೆ ಕೈ, ಮುಖ ಸುಟ್ಟಂತಾಗಬಹುದು. ಚೀಟಿ ಬರೆಯುವ ವೈದ್ಯರು ಈ ಒಂದು ಮಾತನ್ನು ಬಾಯಿಬಿಟ್ಟು ಹೇಳಲೇಬೇಕು.

ಈಗ ಪರೀಕ್ಷೆಗೆ ಬರೋಣ. ಮೊದಲ ಜರಡಿ ಸರಳ. ವಸ್ತು ಬೆಳಕನ್ನು ಹೀರಿಕೊಳ್ಳದಿದ್ದರೆ ಅದು ಬೆಳಕಿನಿಂದ ಕೆರಳುವುದೂ ಇಲ್ಲ. ಹೀರುವ ವಸ್ತುಗಳನ್ನು ಜೀವಕೋಶಗಳ ಮುಂದೆ ನಿಲ್ಲಿಸುತ್ತಾರೆ. 2004ರಲ್ಲಿ ಹಲವು ದೇಶಗಳ ಆರ್ಥಿಕ ಸಹಕಾರ ಕೂಟವಾದ ಒಇಸಿಡಿ ಒಪ್ಪಿದ 432ನೇ ಮಾರ್ಗಸೂಚಿ ಇದರ ಕ್ರಮವನ್ನು ಹೇಳುತ್ತದೆ. ಬೇಕಾಗುವುದು ಅಳಿಗುಳಿಮಣೆಯ ಹಾಗೆ ಗುಳಿಗಳಿರುವ, ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 96 ಗುಳಿಗಳು, ಅಂಚಿನವನ್ನು ಬಿಟ್ಟು ಒಂದೊಂದರಲ್ಲೂ ಇಲಿ ಭ್ರೂಣದ ಮೂಲದಿಂದ ಬಂದ 3ಟಿ3 ಎಂಬ ಸುಮಾರು ಹತ್ತು ಸಾವಿರ ಕೋಶಗಳು. ಒಂದು ದಿನದಲ್ಲಿ ಅವು ಗುಳಿಯ ತಳದಲ್ಲಿ ಒಂದು ಪದರವಾಗಿ ಹರಡಿಕೊಳ್ಳುತ್ತವೆ. ಒಂದೇ ಬಗೆಯ ಎರಡು ತಟ್ಟೆಗಳಿಗೆ ವಸ್ತುವನ್ನು ಬೇರೆಬೇರೆ ಪ್ರಮಾಣದಲ್ಲಿ ಹಾಕಿ ಒಂದು ಗಂಟೆ ಬಿಡುತ್ತಾರೆ. ಬಳಿಕ ಒಂದು ತಟ್ಟೆ ದೀಪದಡಿಗೆ, ಇನ್ನೊಂದು ಕತ್ತಲ ಪೆಟ್ಟಿಗೆಗೆ. ದೀಪ ಬಿಸಿಲನ್ನೇ ಹೋಲುವಂಥದ್ದು. ಆದರೆ ಬಿಸಿಲಿನ ಇನ್ನೊಂದು ನೇರಳಾತೀತ ಕಿರಣವಾದ ಯುವಿಬಿ ತಾನೇ ಕೋಶಗಳನ್ನು ಕೊಲ್ಲುವುದರಿಂದ ಅದನ್ನು ಬಹುಪಾಲು ಸೋಸಿಬಿಡುತ್ತಾರೆ. ಚದರ ಸೆಂಟಿಮೀಟರಿಗೆ 5 ಜೂಲ್‌ನಷ್ಟು ಯುವಿಎ ತಲುಪಲು ಸುಮಾರು 50 ನಿಮಿಷ ಹಿಡಿಯುತ್ತದೆ.

ಮರುದಿನ ನ್ಯೂಟ್ರಲ್ ರೆಡ್ ಎಂಬ ಕೆಂಪು ಬಣ್ಣ ಹಾಕುತ್ತಾರೆ. ಬದುಕಿರುವ ಕೋಶ ಅದನ್ನು ಒಳಗೆ ಎಳೆದು ಹಿಡಿದಿಟ್ಟುಕೊಳ್ಳುತ್ತದೆ, ಸತ್ತದ್ದಕ್ಕೆ ಆ ಶಕ್ತಿ ಇಲ್ಲ. ತೊಳೆದ ಮೇಲೂ ಗುಳಿ ಕೆಂಪಗಿದ್ದರೆ ಕೋಶಗಳು ಉಳಿದಿವೆ, ಬಿಳಿಚಿದ್ದರೆ ಸತ್ತಿವೆ. ಎಷ್ಟು ಕೆಂಪು ಎಂಬುದನ್ನು ಯಂತ್ರ ಅಳೆಯುತ್ತದೆ. ಅರ್ಧದಷ್ಟು ಕೋಶಗಳನ್ನು ಕೊಲ್ಲಲು ಕತ್ತಲಲ್ಲಿ ಎಷ್ಟು ವಸ್ತು ಬೇಕಾಯಿತು, ಬೆಳಕಿನಲ್ಲಿ ಎಷ್ಟು ಸಾಕಾಯಿತು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 5 ಮೀರಿದರೆ ದ್ಯುತಿವಿಷ, 2ಕ್ಕಿಂತ ಕಡಿಮೆಯಾದರೆ ಅಲ್ಲ, ನಡುವೆ ಬಂದರೆ ಅನುಮಾನ. ಕ್ಲೋರ್‌ಪ್ರೊಮಜೀನ್ ಎಂಬ ಮಾನಸಿಕ ರೋಗದ ಔಷಧಿ ಇದರಲ್ಲಿ ಖಂಡಿತ ಸಿಕ್ಕಿಬೀಳುತ್ತದೆ. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಪ್ರತಿ ಸಲವೂ ಅದನ್ನು ಜೊತೆಗಿಡುತ್ತಾರೆ.

ಭಾರತ 2014ರಲ್ಲಿ ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದನ್ನು ನಿಷೇಧಿಸಿತು. ಮೊಲ, ಗಿನಿಯಿಲಿಗಳ ಬೆನ್ನು ಬೋಳಿಸಿ ದೀಪದಡಿ ನಿಲ್ಲಿಸುತ್ತಿದ್ದ ಕಾಲಕ್ಕಿಂತ ಈ ತಟ್ಟೆ ಎಷ್ಟೋ ಮೇಲು.

ಆದರೂ ಲಂಟಾನದ ವಿಷವನ್ನು ಈ ತಟ್ಟೆಗೆ ಹಾಕಿ ಹಸುವಿನ ಸಂಕಟ ತಿಳಿಯಲಾಗದು. ಸೊಪ್ಪಿನಲ್ಲಿರುವ ಲಂಟಾಡೀನ್ ಚರ್ಮವನ್ನು ಸುಡುವುದಿಲ್ಲ, ಯಕೃತ್ತನ್ನು ಕೆಡಿಸಿ ಪಿತ್ತದ ಹರಿವು ನಿಲ್ಲಿಸುತ್ತದೆ. ಹಸಿರು ಮೇವಿನ ಪತ್ರಹರಿತ್ತು ಹೊಟ್ಟೆಯಲ್ಲಿ ಒಡೆದು ಫೈಲೋಎರಿಥ್ರಿನ್ ಎಂಬ ವಸ್ತುವಾಗುತ್ತದೆ. ದಿನವೂ ಪಿತ್ತದೊಡನೆ ಹೊರಹೋಗುತ್ತಿದ್ದ ಅದು ಈಗ ರಕ್ತದಲ್ಲಿ ಉಳಿದು ಚರ್ಮಕ್ಕೆ ಬಂದು ಬೆಳಕಿಗೆ ಸಿಗುತ್ತದೆ. ಅದನ್ನು ಕೆರಳಿಸುವುದು ಮುಖ್ಯವಾಗಿ ಕಣ್ಣಿಗೆ ಕಾಣುವ ಬೆಳಕೇ ಹೊರತು ನೇರಳಾತೀತವಲ್ಲ. ತಟ್ಟೆಯಲ್ಲಿ ಯಕೃತ್ತೂ ಇಲ್ಲ, ಮೆಲುಕು ಹಾಕುವ ಹೊಟ್ಟೆಯೂ ಇಲ್ಲ. ಬೇಲೂರು, ಹಳೇಬೀಡಿನ ಕಡೆ ಪೊದೆ ಬೆಳೆದ ಜಾಗದಲ್ಲಿ ದನ ಮೇಯಿಸುವವರು ಚರ್ಮ ಕೆಡುವವರೆಗೆ ಕಾಯದೆ, ಕಣ್ಣಿನ ಬಿಳಿ ಹಳದಿಯಾಗಿದ್ದು ಕಂಡೊಡನೆ ಹಸುವನ್ನು ಕೊಟ್ಟಿಗೆಯ ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಸಬೇಕು.

ಎಣ್ಣೆ, ಮುಲಾಮುಗಳ ತೊಡಕು ಬೇರೆ. ಅವು ಕೋಶಗಳಿರುವ ನೀರಿನಂಥ ದ್ರವದಲ್ಲಿ ಕರಗುವುದಿಲ್ಲ. ಅದಕ್ಕಾಗಿ ಮನುಷ್ಯರ ಚರ್ಮದ ಕೋಶಗಳನ್ನೇ ಪದರಪದರವಾಗಿ ಬೆಳೆಸಿ, ಮೇಲ್ಮೈಗೆ ನೇರವಾಗಿ ಹಚ್ಚಿ, ಬೆಳಕಿಗೆ ಒಂದು, ಕತ್ತಲಿಗೆ ಒಂದು ಇಡುವ, ಒಇಸಿಡಿಯದೇ 498ನೇ ಮಾರ್ಗಸೂಚಿ 2021ರಲ್ಲಿ ಬಂತು. ಬಾವಂಚಿಯಂಥ ಎಣ್ಣೆಗಳನ್ನು ಮಾರುವ ಮುನ್ನ ಮಾಡಿಸಬೇಕಾದ ಪರೀಕ್ಷೆ ಇದು.