ಗಣಕಯಂತ್ರದ ಸಹಾಯಕನೂ ಕಾರ್ಯಶಿಸ್ತೂ

ಸೊಲ್ಲಾಪುರದ ಚಾದರವಿಲ್ಲದ ಮನೆ ನಮ್ಮ ಸೀಮೆಯಲ್ಲಿ ವಿರಳ. ಅದರ ಮೇಲಣ ಹೂಬಳ್ಳಿಗಳು ಆಕಸ್ಮಿಕವಾಗಿ ಮೂಡಿದವುಗಳಲ್ಲ. ಮೊದಲು ಚೌಕುಳಿಯ ಕಾಗದದ ಮೇಲೆ ನಕಾಶೆ, ಅದಕ್ಕನುಸಾರವಾಗಿ ರಟ್ಟಿನ ಪಟ್ಟಿಗಳಲ್ಲಿ ರಂಧ್ರ, ಆ ಬಳಿಕವೇ ನೇಯ್ಗೆ. ಈ ರಂಧ್ರಪಟ್ಟಿಯ ಮಗ್ಗವನ್ನು ಫ್ರಾನ್ಸ್ ದೇಶದ ಜ್ಯಾಕಾರ್ಡನು 1804ರ ಸುಮಾರಿಗೆ ಬಳಕೆಗೆ ತಂದನು. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತಾನು ಕಲ್ಪಿಸಿದ ಗಣನಯಂತ್ರಕ್ಕೂ ಇಂಥ ಪಟ್ಟಿಗಳನ್ನೇ ಆರಿಸಿಕೊಂಡನು. ಆದಕಾರಣ ನಮ್ಮ ಮಗ್ಗಕ್ಕೂ ಗಣಕಯಂತ್ರಕ್ಕೂ ಹಳೆಯ ನಂಟುಂಟು.

ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಸರಣಿಗೆ ಕ್ರಮವಿಧಿಯೆಂದು ಹೆಸರು. ಇದನ್ನು ಬರೆಯುವುದು ಇತ್ತೀಚಿನವರೆಗೆ ತಜ್ಞರ ಕೆಲಸವಾಗಿತ್ತು. 2021ರಲ್ಲಿ 'ಗಿಟ್‌ಹಬ್ ಕೊಪೈಲಟ್' ಪ್ರಕಟವಾದ ತರುವಾಯ ಕೃತಕ ಬುದ್ಧಿಮತ್ತೆಯ ಇಂಥ ಸಹಾಯಕರು ಹಲವರು ಬಂದಿದ್ದಾರೆ. ಅಪಾರವಾದ ಬರೆಹಗಳಿಂದ ಕಲಿತು, ಮುಂದೆ ಯಾವುದು ಬರಬೇಕೆಂಬುದನ್ನು ಊಹಿಸಿ ಬರೆಯುವುದೇ ಇವರ ರೀತಿ. ವೇಗವು ಆಶ್ಚರ್ಯಕರ, ಆದರೆ ಊಹೆ ತಪ್ಪಿದಾಗಲೂ ಧ್ವನಿ ಮಾತ್ರ ದೃಢವಾಗಿಯೇ ಇರುತ್ತದೆ. ಇದನ್ನು ನಾವು ಅನುಭವದಿಂದ ಕಲಿತೆವು.

ಶಾಲೆಯಲ್ಲಿ ಉಚಿತ ವಹಿಗಳನ್ನು ಹಂಚಲು ಎರಡು ಯಾದಿಗಳನ್ನು ತಾಳೆ ನೋಡಬೇಕಾಗಿತ್ತು. ಒಂದು ಹಳೆಯ ಅಕ್ಷರಶೈಲಿಯಿಂದ ಪರಿವರ್ತಿಸಿದ್ದು, ಇನ್ನೊಂದು ಹೊಸದಾಗಿ ಬೆರಳಚ್ಚಿಸಿದ್ದು. ಯಂತ್ರಸಹಾಯಕನು ಕೆಲವೇ ನಿಮಿಷಗಳಲ್ಲಿ ಕ್ರಮವಿಧಿಯನ್ನು ರಚಿಸಿಕೊಟ್ಟನು. ಯಾದಿಯೂ ಅಂದವಾಗಿ ಹೊರಬಂದಿತು. ಹಂಚುವ ದಿನ ವರ್ಗಶಿಕ್ಷಕರು, "ಗುರುಗಳೇ, ಈ ಹುಡುಗಿಯ ಹೆಸರೇ ಇಲ್ಲವಲ್ಲ!" ಎಂದರು. ಬಾಲಿಕೆಯು ಬರಿಗೈಯಲ್ಲಿ ನಿಂತಿದ್ದಳು.

ಕಾರಣವು ಸೂಕ್ಷ್ಮವಾದುದು. ಅವಳ ಹೆಸರಿನಲ್ಲಿ 'ರೋ' ಎಂಬ ಅಕ್ಷರವಿತ್ತು. ಯೂನಿಕೋಡ್ ಪದ್ಧತಿಯಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು. ಎಕಾರ, ಊಕಾರ ಮತ್ತು ದೀರ್ಘದ ಮೂರು ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಅವು ಎರಡು ಬೇರೆ ಹೆಸರುಗಳು. ತಪ್ಪನ್ನು ತೋರಿಸಿದಾಗ ಸಹಾಯಕನು ಮಾಡಿದ್ದೇನು? ಆ ಒಬ್ಬಳ ಹೆಸರನ್ನು ಕ್ರಮವಿಧಿಯೊಳಗೆ ಪ್ರತ್ಯೇಕವಾಗಿ ಸೇರಿಸಿ, "ಸರಿಯಾಯಿತು" ಎಂದನು. ರೋಗವು ಹಾಗೆಯೇ ಉಳಿಯಿತು, ಲಕ್ಷಣ ಮಾತ್ರ ಮರೆಯಾಯಿತು.

ದೋಷವು ಸಹಾಯಕನೊಬ್ಬನದೇ ಅಲ್ಲ. ಪಾಠಟಿಪ್ಪಣಿಯಿಲ್ಲದೆ ಹೊಸ ಶಿಕ್ಷಕನನ್ನು ವರ್ಗಕ್ಕೆ ಕಳುಹಿಸಿದಂತೆ ನಾವೇ ಅವನನ್ನು ಕೆಲಸಕ್ಕೆ ಹಚ್ಚಿದ್ದೆವು. ಎರಡನೆಯ ಸಲ ಐದು ಸೋಪಾನಗಳನ್ನು ಅನುಸರಿಸಿದೆವು.

ಮೊದಲನೆಯದು, ಬೇಕಾದುದನ್ನು ಬರೆದಿಡುವುದು. ಯಾವ ಯಾದಿಗಳು, ಯಾವ ಫಲ, ಏನು ಆಗಕೂಡದು, ಎಂಬುದನ್ನು ಅರ್ಧ ಪುಟದಲ್ಲಿ ಬರೆದೆವು.

ಎರಡನೆಯದು, ಯೋಜನೆ. ಒಂದು ಸಾಲನ್ನೂ ಬರೆಯುವ ಮುನ್ನ ಉಪಾಯವನ್ನು ವಿವರಿಸಿ, ಸಂಶಯಗಳನ್ನು ಕೇಳಬೇಕೆಂದು ಸಹಾಯಕನಿಗೆ ವಿಧಿಸಿದೆವು. "ಒಂದೇ ಹೆಸರಿನ ಇಬ್ಬರಿದ್ದರೆ?" ಎಂಬ ಪ್ರಶ್ನೆ ಆಗಲೇ ಹೊರಬಿದ್ದಿತು. ಜನರಲ್ ರಜಿಸ್ಟರಿನ ಸಂಖ್ಯೆಯೇ ಮುಖ್ಯ ಆಧಾರವಾಗಬೇಕು, ಹೆಸರು ತಾಳೆಗೆ ಮಾತ್ರ, ಮತ್ತು ಹೋಲಿಸುವ ಮೊದಲು ಎಲ್ಲ ಹೆಸರುಗಳನ್ನೂ ಯೂನಿಕೋಡಿನ ನಿಯಮದಂತೆ ಒಂದೇ ರೂಪಕ್ಕೆ ತರಬೇಕು ಎಂದು ನಿರ್ಧಾರವಾಯಿತು.

ಮೂರನೆಯದು, ಪರೀಕ್ಷೆ. ಹನ್ನೆರಡು ಕಲ್ಪಿತ ಹೆಸರುಗಳ ಪುಟ್ಟ ಯಾದಿಯನ್ನೂ ಅದರ ಸರಿಯುತ್ತರವನ್ನೂ ಮೊದಲೇ ಸಿದ್ಧಪಡಿಸಿದೆವು. ಮಕ್ಕಳ ನಿಜವಾದ ಹೆಸರುಗಳನ್ನು ಪರಸ್ಥಳದ ಯಂತ್ರಕ್ಕೆ ಒಪ್ಪಿಸುವುದು ಯೋಗ್ಯವಲ್ಲ. ಹಳೆಯ ಕ್ರಮವಿಧಿಯು ಈ ಪರೀಕ್ಷೆಯಲ್ಲಿ ನಪಾಸಾಯಿತು. ಪರೀಕ್ಷೆಯು ಸಾಚಾ ಎಂಬುದಕ್ಕೆ ಅದೇ ಪ್ರಮಾಣ. ಇಲ್ಲೊಂದು ಎಚ್ಚರಿಕೆ: ಉತ್ತರವನ್ನು ತಿದ್ದುವ ಬದಲು ಉತ್ತರಸೂಚಿಯನ್ನೇ ತಿದ್ದುವ ಚಾಳಿ ಇಂಥ ಸಹಾಯಕರಲ್ಲಿ ಒಮ್ಮೊಮ್ಮೆ ಕಾಣುತ್ತದೆ. ಪರೀಕ್ಷೆಗಳನ್ನು ಮುಟ್ಟಕೂಡದೆಂದು ಸ್ಪಷ್ಟವಾಗಿ ಹೇಳಬೇಕು. ಮುಟ್ಟಿಲ್ಲವೆಂಬುದನ್ನು ನೋಡಿಯೂ ಕೊಳ್ಳಬೇಕು.

ನಾಲ್ಕನೆಯದು, ಸಣ್ಣ ಹೆಜ್ಜೆ. ಒಂದು ಸಲಕ್ಕೆ ಒಂದೇ ಬದಲಾವಣೆ; ಪಾಸಾದೊಡನೆ ಅದನ್ನು ದಾಖಲಿಸುವುದು. ಲೀನಸ್ ಟೋರ್ವಾಲ್ಡ್ಸ್ ಎಂಬವರು 2005ರಲ್ಲಿ ರಚಿಸಿದ 'ಗಿಟ್' ಎಂಬ ಸಾಧನವು ಪ್ರತಿ ಹೆಜ್ಜೆಯನ್ನೂ ಕಾದಿಡುತ್ತದೆ. ದಾರಿ ತಪ್ಪಿದರೆ ಹಿಂದಿನ ಹೆಜ್ಜೆಗೆ ಮರಳಬಹುದು.

ಐದನೆಯದು, ಪರಾಮರ್ಶೆ. ಬದಲಾದ ಭಾಗವನ್ನು ಮನುಷ್ಯನೊಬ್ಬನು ಓದಬೇಕು; ತಿಳಿಯದಿದ್ದಲ್ಲಿ "ಇದೇಕೆ?" ಎಂದು ಕೇಳಬೇಕು. ನಮ್ಮ ಗಣಿತಶಿಕ್ಷಕರು ಈ ಹೊಣೆಯನ್ನು ಹೊತ್ತರು.

ಇದು ಹೊಸ ತತ್ತ್ವವೇನಲ್ಲ. ತಂತ್ರಾಂಶಗಳು ಬೆಳೆದಂತೆ ತಪ್ಪುಗಳೂ ಹೆಚ್ಚಿದುದರಿಂದ 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ತಜ್ಞರು ಸಭೆ ಸೇರಿ, ಈ ಕೆಲಸಕ್ಕೂ ಎಂಜಿನಿಯರಿಂಗಿನ ಶಿಸ್ತು ಬೇಕೆಂದು ಚರ್ಚಿಸಿದ್ದರು. ಬರೆಯುವ ಕೈ ಬದಲಾದರೂ ಆ ಅವಶ್ಯಕತೆ ಬದಲಾಗಿಲ್ಲ. ವೇಗ ಹೆಚ್ಚಿದಷ್ಟೂ ಅದು ಹೆಚ್ಚಿದೆ.

ಎರಡನೆಯ ಪ್ರಯತ್ನಕ್ಕೆ ನಿಮಿಷಗಳ ಬದಲು ಮೂರು ಸಂಜೆಗಳು ಹಿಡಿದವು. ಆದರೆ ಆ ಬಾಲಿಕೆಯ ಹೆಸರಿನೊಡನೆ, ಅದೇ ಕಾರಣದಿಂದ ಬಿಟ್ಟುಹೋಗಿದ್ದ ಇನ್ನೂ ಇಬ್ಬರ ಹೆಸರುಗಳು ಹೊರಬಂದವು. ಅವರು ತಾವಾಗಿ ಬಂದು ಕೇಳಿರಲೇ ಇಲ್ಲ. ಕೇಳಲು ಬಾರದ ಮಕ್ಕಳ ಪಾಲಿಗೆ ಯಾದಿಯೇ ನ್ಯಾಯ. ಅದನ್ನು ಯಂತ್ರವು ಬರೆದರೂ ಕೆಳಗಿನ ಸಹಿ ನಮ್ಮದು. ಸಹಿ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ.