ನಿನ್ನೆಯೂ ಇಂದೂ

"ಗುಳಿಗೆ ನುಂಗಿದ್ದು ಇಂದೋ, ನಿನ್ನೆಯೋ?" ಎಂದು ಮನೆಯ ಹಿರಿಯರು ಕೇಳುತ್ತಾರೆ. ನೋಡಿರಿ, ಅದೇ ಲೋಟ, ಅದೇ ಗುಳಿಗೆ, ಅದೇ ಹೊತ್ತು. ಇವೆರಡು ನೆನಪುಗಳು ಬೆರೆಯದಂತೆ ಕಾಯುವುದು ಮೆದುಳಿನ ಹಿಪ್ಪೊಕ್ಯಾಂಪಸ್. ಅದರೊಳಗೆ ಡೆಂಟೇಟ್ ಗೈರಸ್ ಎಂಬ ಪುಟ್ಟ ಪಟ್ಟಿಯಿದೆ. ಅಲ್ಲಿ ಲಕ್ಷಗಟ್ಟಲೆ ಜೀವಕೋಶಗಳು; ಒಂದು ಅನುಭವಕ್ಕೆ ಏಳುವವು ಕೆಲವೇ. ನಿನ್ನೆಗೆ ಕೆಲವು, ಇಂದಿಗೆ ಬೇರೆ ಕೆಲವು. ಎಲ್ಲವೂ ಒಮ್ಮೆಲೇ ಎದ್ದರೆ ನೆನಪುಗಳು ಕಲಸಿಹೋಗುತ್ತವೆ.

ಒಂದು ಚಿತ್ರ ತೋರಿಸಿ, ಆಮೇಲೆ ಅದನ್ನೇ ಹೋಲುವ ಇನ್ನೊಂದನ್ನು ತೋರಿಸಿದರೆ, ಈ ಪಟ್ಟಿಯೂ ಅದರ ಪಕ್ಕದ ಭಾಗವೂ ಎರಡನೆಯದನ್ನು ಹೊಸದೆಂದೇ ಎಣಿಸುತ್ತವೆ. ಅಮೆರಿಕದ ಸಂಶೋಧಕರು 2008ರಲ್ಲಿ ಸ್ಕ್ಯಾನ್ ಮಾಡಿ ಇದನ್ನು ಕಂಡರು.

ವಯಸ್ಸಾದಂತೆ ಈ ವಿಂಗಡಣೆ ಸಡಿಲಾಗುತ್ತದೆ. ಆದ್ದರಿಂದ ಹಿರಿಯರನ್ನು ಗದರಬೇಡಿರಿ. ವಾರದ ಹೆಸರು ಬರೆದ ಏಳು ಮನೆಗಳ ಡಬ್ಬಿ ಮಾಡಿಕೊಡಿರಿ. ಒಳಗೆ ಸಡಿಲಾದ ಕೆಲಸವನ್ನು ಹೊರಗೆ ಡಬ್ಬಿ ಮಾಡುತ್ತದೆ.